ಆರಿಸಬಾರದ ಯಂತ್ರ

1990ರ ಕೊನೆಯಲ್ಲಿ ಜಿನೀವಾ ನಗರದ ಹೊರವಲಯದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಗತ್ತಿನ ಮೊದಲ ಜಾಲತಾಣವನ್ನು ಒಂದು ನೆಕ್ಸ್ಟ್ ಕಂಪ್ಯೂಟರಿನಿಂದ ನಡೆಸತೊಡಗಿದರು. ಆ ಕಪ್ಪು ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿತ್ತು. ಈ ಯಂತ್ರವು ಸರ್ವರ್ ಆಗಿದೆ, ಇದನ್ನು ಆರಿಸಬೇಡಿ ಎಂಬ ಅರ್ಥದ ಮಾತು ಅದರ ಮೇಲೆ ಕೈಬರಹದಲ್ಲಿ, ಕೆಂಪು ಶಾಯಿಯಲ್ಲಿ ಇತ್ತು. ಸಂಜೆ ಮನೆಗೆ ಹೊರಟವರು ಯಾರಾದರೂ ವಿದ್ಯುತ್ ಉಳಿಸುವ ಸದುದ್ದೇಶದಿಂದ ಗುಂಡಿಯನ್ನು ಒತ್ತಿದ್ದರೆ ಅಂದಿನ ಮಟ್ಟಿಗೆ ವಿಶ್ವವ್ಯಾಪಿ ಜಾಲವೇ ಆರಿಹೋಗುತ್ತಿತ್ತು. ಜಾಲವು ಸದಾ ಲಭ್ಯವಿರಬೇಕೆಂಬ ಆಸೆಗೆ ಆ ದಿನ ಇದ್ದ ಕಾವಲು ಆ ಚೀಟಿಯೊಂದೇ.

ಇಂದು ಒಂದು ಮಧ್ಯಮ ಗಾತ್ರದ ಜಾಲತಾಣದ ಹಿಂದೆ ಕೆಲಸ ಮಾಡುವ ಸರ್ವರುಗಳಲ್ಲಿ ಯಾವುದಾದರೊಂದನ್ನು ಹಾಡುಹಗಲೇ ಆರಿಸಿದರೂ ಓದುಗನಿಗೆ ತಿಳಿಯುವುದಿಲ್ಲ. ಎಷ್ಟೋ ಕಡೆ ಆ ಸರ್ವರುಗಳು ಮುಟ್ಟಿ ನೋಡಬಹುದಾದ ಪೆಟ್ಟಿಗೆಗಳೂ ಅಲ್ಲ. ಒಂದು ದೊಡ್ಡ ಯಂತ್ರದೊಳಗೆ ತಂತ್ರಾಂಶವು ಕಲ್ಪಿಸಿಕೊಟ್ಟ ವರ್ಚುವಲ್ ಸರ್ವರುಗಳು. ಚೀಟಿಯ ಕಾಲದಿಂದ ಈ ಕಾಲಕ್ಕೆ ಬಂದ ದಾರಿ ಮೂರು ದಶಕಗಳಷ್ಟು ಉದ್ದದ್ದೆಂದು ತೋರಿದರೂ ಅದರ ಬೇರು ಇನ್ನೂ ಹಿಂದಕ್ಕೆ, 1960ರ ದಶಕಕ್ಕೆ ಹೋಗುತ್ತದೆ. ಆ ದಾರಿಯನ್ನು ಕ್ರಮವಾಗಿ ನೋಡುವುದು ಈ ಲೇಖನದ ಉದ್ದೇಶ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಬೇಕಾಗಿದೆ: ಆರಿಸಬೇಡಿ ಎಂಬ ಆ ಚೀಟಿ ನಿಜವಾಗಿಯೂ ಹರಿದುಹೋಯಿತೇ, ಅಥವಾ ನಮ್ಮ ಕಣ್ಣಿಗೆ ಕಾಣದ ಕಡೆಗೆ ಸರಿಯಿತೇ?

1960ರ ದಶಕದ ಆರಂಭದಲ್ಲಿ ಕಂಪ್ಯೂಟರ್ ಎಂಬುದು ಒಂದು ಸಂಸ್ಥೆಗೆ ಒಂದರಂತೆ ಇರುತ್ತಿದ್ದ, ಕೋಣೆಯನ್ನು ತುಂಬುವ ಆಸ್ತಿ. ಒಬ್ಬರ ಕೆಲಸ ಮುಗಿಯುವವರೆಗೆ ಉಳಿದವರು ಕಾಯಬೇಕಿತ್ತು. ಒಂದೇ ಯಂತ್ರದ ಸಮಯವನ್ನು ಚೂರುಚೂರಾಗಿ ಹಂಚಿ ಹಲವರಿಗೆ ಏಕಕಾಲದಲ್ಲಿ ಕೊಡುವ ಪ್ರಯತ್ನವನ್ನು ಫರ್ನಾಂಡೋ ಕೊರ್ಬಾಟೊ ಅವರ ತಂಡ ಅಮೆರಿಕದ ಎಂಐಟಿಯಲ್ಲಿ 1961ರಲ್ಲಿ ಮಾಡಿ ತೋರಿಸಿತು. ಅದೇ ವರ್ಷ ಅದೇ ಸಂಸ್ಥೆಯ ಶತಮಾನೋತ್ಸವದಲ್ಲಿ ಮಾತನಾಡಿದ ಜಾನ್ ಮೆಕಾರ್ಥಿ, ಮುಂದೊಂದು ದಿನ ಗಣನಶಕ್ತಿಯು ದೂರವಾಣಿಯ ಹಾಗೆ ಸಾರ್ವಜನಿಕ ಸೇವೆಯಾಗಿ ದೊರೆಯಬಹುದೆಂದು ಹೇಳಿದರು. ನಲ್ಲಿ ತಿರುಗಿಸಿದಷ್ಟು ನೀರು, ಬಳಸಿದಷ್ಟಕ್ಕೆ ಬಿಲ್ಲು ಎಂಬ ಈ ಕಲ್ಪನೆ ನಿಜವಾಗಲು ನಲವತ್ತೈದು ವರ್ಷ ಹಿಡಿಯಿತು.

ಎಂಐಟಿಯ ನೆರೆಯಲ್ಲೇ, ಮಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್ ಊರಿನಲ್ಲಿ, ಐಬಿಎಂ ಸಂಸ್ಥೆಯ ಒಂದು ಚಿಕ್ಕ ವೈಜ್ಞಾನಿಕ ಕೇಂದ್ರವಿತ್ತು. ಅಲ್ಲಿ ರಾಬರ್ಟ್ ಕ್ರೀಸಿ ಅವರ ನೇತೃತ್ವದ ತಂಡವು ಹಂಚಿಕೆಯ ಸಮಸ್ಯೆಯನ್ನು ಬೇರೆಯೇ ದಿಕ್ಕಿನಿಂದ ನೋಡಿತು. ಒಂದು ಯಂತ್ರದ ಸಮಯವನ್ನು ಹಲವು ಬಳಕೆದಾರರಿಗೆ ಹಂಚುವ ಬದಲು ಪ್ರತಿಯೊಬ್ಬನಿಗೂ ಒಂದೊಂದು ಪೂರ್ಣ ಯಂತ್ರವೇ ಇದೆಯೆಂಬ ಭ್ರಮೆಯನ್ನು ಹುಟ್ಟಿಸಿದರೆ ಹೇಗೆ ಎಂಬುದು ಅವರ ಆಲೋಚನೆ. 1967ರ ಜನವರಿಯಲ್ಲಿ ಬಳಕೆಗೆ ಬಂದ ಸಿಪಿ-40 ಎಂಬ ಆ ವ್ಯವಸ್ಥೆಯು ಒಂದು ಸಿಸ್ಟಮ್/360 ಯಂತ್ರದೊಳಗೆ ಹದಿನಾಲ್ಕು ಯಂತ್ರಗಳನ್ನು ಕಲ್ಪಿಸಿಕೊಡುತ್ತಿತ್ತು. ಪ್ರತಿಯೊಂದೂ ತಾನೇ ನಿಜವಾದ 360 ಎಂದು ನಂಬಿ ನಡೆಯುತ್ತಿತ್ತು. ಒಂದು ಕಲ್ಪಿತ ಯಂತ್ರದಲ್ಲಿ ತಪ್ಪಾಗಿ ಅದು ಕುಸಿದರೆ ಪಕ್ಕದ ಹದಿಮೂರಕ್ಕೆ ಸುದ್ದಿಯೇ ಇರುತ್ತಿರಲಿಲ್ಲ. ಇಂದು ವರ್ಚುವಲ್ ಯಂತ್ರವೆಂದು ಕರೆಯುವ ವಸ್ತುವಿನ ಎರಡು ಮುಖ್ಯ ಗುಣಗಳು, ಎಂದರೆ ಒಂದರೊಳಗೆ ಹಲವಾಗುವುದು ಮತ್ತು ಒಂದರ ಕೇಡು ಇನ್ನೊಂದಕ್ಕೆ ತಟ್ಟದಿರುವುದು, ಅಲ್ಲಿಯೇ ಸಿದ್ಧವಾಗಿದ್ದವು. 1972ರಲ್ಲಿ ಐಬಿಎಂ ಇದನ್ನು ವಿಎಂ/370 ಎಂಬ ಹೆಸರಿನಲ್ಲಿ ತನ್ನ ಅಧಿಕೃತ ಉತ್ಪನ್ನವಾಗಿ ಪ್ರಕಟಿಸಿತು.

ಆ ಬಳಿಕ ಈ ವಿದ್ಯೆ ದೊಡ್ಡ ಯಂತ್ರಗಳ ಕೋಣೆಯೊಳಗೇ ಉಳಿಯಿತು. ಹೊರಗೆ ಅಗ್ಗದ ಕಂಪ್ಯೂಟರುಗಳು ಬಂದವು. ಪ್ರತಿಯೊಬ್ಬನಿಗೂ ನಿಜವಾದ ಯಂತ್ರವೇ ಸಿಗುವಾಗ ಕಲ್ಪಿತ ಯಂತ್ರ ಯಾರಿಗೆ ಬೇಕು? ವಿಶ್ವವ್ಯಾಪಿ ಜಾಲ ಬೆಳೆದದ್ದು ಈ ಅಗ್ಗದ ಪೆಟ್ಟಿಗೆಗಳ ಮೇಲೆ. ಹಾಗಾಗಿ ಅದರ ನಿರ್ವಾಹಕರು ಹಂಚಿಕೆಯ ಮತ್ತು ಬಾಳಿಕೆಯ ಪಾಠಗಳನ್ನು ಮೊದಲಿನಿಂದ ಕಲಿಯಬೇಕಾಯಿತು.

ಪಾಠ ಬೇಗನೆ ಆರಂಭವಾಯಿತು. ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರವು 1993ರಲ್ಲಿ ಮೊಸಾಯಿಕ್ ಎಂಬ ಬ್ರೌಸರನ್ನು ಹೊರತಂದಿತು. ಅದು ಜನಪ್ರಿಯವಾದಷ್ಟೂ ಕೇಂದ್ರದ ಸ್ವಂತ ಜಾಲತಾಣದ ಮೇಲೆ ಜನ ಮುಗಿಬಿದ್ದರು. ಒಂದು ಯಂತ್ರಕ್ಕೆ ತಾಳಲಾಗದಾಯಿತು. ಅಲ್ಲಿನ ತಂತ್ರಜ್ಞರು 1994ರಲ್ಲಿ ಒಂದು ಸರಳ ಉಪಾಯವನ್ನು ಪ್ರಕಟಿಸಿದರು. ಒಂದೇ ಬಗೆಯ ಹಲವು ಯಂತ್ರಗಳನ್ನು ಸಾಲಾಗಿ ನಿಲ್ಲಿಸುವುದು, ಪುಟಗಳನ್ನು ಎಲ್ಲವೂ ಓದಬಲ್ಲ ಒಂದು ಸಾಮಾನ್ಯ ಕಡತವ್ಯವಸ್ಥೆಯಲ್ಲಿ ಇಡುವುದು, ತಾಣದ ಹೆಸರನ್ನು ಕೇಳಿದವರಿಗೆ ಸರದಿಯಂತೆ ಒಂದೊಂದು ಯಂತ್ರದ ವಿಳಾಸವನ್ನು ಕೊಡುವುದು. ಊಟದ ಪಂಕ್ತಿಯಲ್ಲಿ ಬಡಿಸುವವರನ್ನು ಹೆಚ್ಚಿಸಿದ ಹಾಗೆ. ಹೊರೆ ಹೆಚ್ಚಿದರೆ ಇನ್ನೊಂದು ಯಂತ್ರವನ್ನು ಸಾಲಿಗೆ ಸೇರಿಸಿದರಾಯಿತು. ಆದರೆ ಒಂದು ಕೊರತೆ ಉಳಿಯಿತು. ವಿಳಾಸ ಕೊಡುವವನಿಗೆ ಯಾವ ಯಂತ್ರ ಬದುಕಿದೆ, ಯಾವುದು ಸತ್ತಿದೆ ಎಂಬುದು ತಿಳಿಯುತ್ತಿರಲಿಲ್ಲ. ಸತ್ತ ಯಂತ್ರದ ವಿಳಾಸ ಹಿಡಿದು ಬಂದವನಿಗೆ ಬಾಗಿಲು ಮುಚ್ಚಿರುತ್ತಿತ್ತು.

ಈ ಕೊರತೆಯನ್ನು ತುಂಬಲು ಬಂದದ್ದು ಲೋಡ್ ಬ್ಯಾಲೆನ್ಸರ್. ಅದು ಸರ್ವರುಗಳ ಮುಂದೆ ನಿಂತು ಬಂದವರನ್ನೆಲ್ಲ ತಾನೇ ಎದುರುಗೊಳ್ಳುತ್ತದೆ. ಕೆಲವು ಸೆಕೆಂಡುಗಳಿಗೊಮ್ಮೆ ಹಿಂದಿರುವ ಒಂದೊಂದು ಸರ್ವರಿನ ಕ್ಷೇಮ ವಿಚಾರಿಸುತ್ತದೆ. ಉತ್ತರ ಕೊಡದ ಸರ್ವರಿಗೆ ಯಾರನ್ನೂ ಕಳುಹಿಸುವುದಿಲ್ಲ. 1990ರ ದಶಕದ ನಡುವಿನಿಂದ ಇಂಥ ಸಾಧನಗಳು ಮಾರುಕಟ್ಟೆಗೆ ಬಂದವು. ಅವು ದುಬಾರಿಯಾಗಿದ್ದವು. 1998ರಲ್ಲಿ ಚೀನಾದ ವೆನ್‌ಸಾಂಗ್ ಜಾಂಗ್ ಆರಂಭಿಸಿದ ಲಿನಕ್ಸ್ ವರ್ಚುವಲ್ ಸರ್ವರ್ ಯೋಜನೆಯು ಅದೇ ಕೆಲಸವನ್ನು ಯಾರು ಬೇಕಾದರೂ ಪಡೆಯಬಹುದಾದ ಮುಕ್ತ ತಂತ್ರಾಂಶವಾಗಿ ಒದಗಿಸಿತು. ಇಲ್ಲಿ ವರ್ಚುವಲ್ ಎಂಬ ಮಾತಿನ ಅರ್ಥ ಐಬಿಎಂನ ಅರ್ಥಕ್ಕೆ ತಿರುಗುಮುರುಗು ಎಂಬುದನ್ನು ಗಮನಿಸಬೇಕು. ಅಲ್ಲಿ ಒಂದು ಯಂತ್ರ ಹಲವಾಗಿ ಕಂಡಿತ್ತು. ಇಲ್ಲಿ ಹಲವು ಯಂತ್ರಗಳು ಹೊರಗಿನವನಿಗೆ ಒಂದಾಗಿ ಕಂಡವು. ಮುಂದಿನ ಚರಿತ್ರೆಯೆಲ್ಲ ಈ ಎರಡು ಭ್ರಮೆಗಳು ಕೂಡಿದ ಕಥೆ.

ಎರಡು ಯಂತ್ರಗಳಿದ್ದರೆ ಎಷ್ಟು ಲಾಭ ಎಂಬುದಕ್ಕೆ ಒಂದು ಸುಲಭ ಗಣಿತವಿದೆ. ವರ್ಷದಲ್ಲಿ ಶೇ 99ರಷ್ಟು ಕಾಲ ಕೆಲಸ ಮಾಡುವ ಯಂತ್ರವೆಂದರೆ ಕೇಳಲು ಚೆನ್ನ, ಆದರೆ ಅದು ವರ್ಷಕ್ಕೆ ಮೂರೂವರೆ ದಿನಕ್ಕಿಂತ ಹೆಚ್ಚು ಮಲಗಿರುತ್ತದೆ. ಅಂಥ ಎರಡು ಯಂತ್ರಗಳಲ್ಲಿ ಯಾವುದಾದರೊಂದು ಎಚ್ಚರವಾಗಿದ್ದರೆ ಸಾಕು ಎಂದು ಜೋಡಿಸಿದರೆ, ಎರಡೂ ಒಟ್ಟಿಗೆ ಮಲಗುವ ಸಂಭವ ನೂರರಲ್ಲಿ ಒಂದರ ನೂರರಲ್ಲಿ ಒಂದು. ಲಭ್ಯತೆ ಶೇ 99.99ಕ್ಕೆ ಏರುತ್ತದೆ, ವರ್ಷದ ನಿಲುಗಡೆ ಸುಮಾರು 53 ನಿಮಿಷಕ್ಕೆ ಇಳಿಯುತ್ತದೆ. ಸಾಧಾರಣವಾದ ಎರಡು ವಸ್ತುಗಳಿಂದ ಅಸಾಧಾರಣವಾದ ಒಂದನ್ನು ಕಟ್ಟಬಹುದೆಂಬ ಈ ಲೆಕ್ಕವನ್ನು ಟ್ಯಾಂಡೆಮ್ ಎಂಬ ಸಂಸ್ಥೆ 1976ರಷ್ಟು ಹಿಂದೆಯೇ ಬ್ಯಾಂಕು ಮೊದಲಾದವುಗಳಿಗೆ ಬೇಕಾದ ನಿಲ್ಲದ ಯಂತ್ರಗಳಲ್ಲಿ ಬಳಸಿತ್ತು. ಆದರೆ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ. ಎರಡು ಯಂತ್ರಗಳ ಕೇಡು ಒಂದಕ್ಕೊಂದು ಸಂಬಂಧವಿಲ್ಲದ್ದಾಗಿರಬೇಕು. ಒಂದೇ ವಿದ್ಯುತ್ ತಂತಿಗೆ ಸಿಕ್ಕಿಸಿದ ಎರಡು ಯಂತ್ರಗಳು ತಂತಿ ಕಡಿದಾಗ ಒಂದೇ ಯಂತ್ರ.

ಪುಟಗಳನ್ನು ತೋರಿಸುವ ಸರ್ವರುಗಳನ್ನು ಹೀಗೆ ಎರಡು, ನಾಲ್ಕು, ನಲವತ್ತು ಮಾಡುವುದು ಸುಲಭ, ಏಕೆಂದರೆ ಅವೆಲ್ಲ ಒಂದೇ ಪಾಠವನ್ನು ಒಪ್ಪಿಸುವ ಮಕ್ಕಳು. ಕಷ್ಟವಿರುವುದು ಅವುಗಳ ಹಿಂದೆ, ದತ್ತಸಂಚಯದಲ್ಲಿ. 1999ರ ಜೂನ್‌ನಲ್ಲಿ ಇಬೇ ಹರಾಜು ತಾಣವು ಸುಮಾರು 22 ಗಂಟೆಗಳ ಕಾಲ ನಿಂತುಹೋಯಿತು. ಮುಂದಿನ ಸಾಲಿನ ಸರ್ವರುಗಳು ಎಷ್ಟಿದ್ದರೇನು, ಯಾರು ಎಷ್ಟಕ್ಕೆ ಹರಾಜು ಕೂಗಿದರು ಎಂಬುದನ್ನು ಬರೆದಿಟ್ಟುಕೊಂಡಿದ್ದ ದತ್ತಸಂಚಯ ಕೆಟ್ಟಿತ್ತು. ನಿಲುಗಡೆ ಸುದ್ದಿಪತ್ರಿಕೆಗಳ ಮುಖಪುಟಕ್ಕೆ ಬಂದಿತು. ಸಂಸ್ಥೆಯ ಷೇರು ಬೆಲೆ ಕುಸಿಯಿತು. ಜಾಲತಾಣದ ನಿದ್ರೆಗೆ ಹಣದ ಬೆಲೆಯಿದೆ ಎಂಬುದು ಸಾಮಾನ್ಯ ಜನರಿಗೂ ಅಂದು ತಿಳಿಯಿತು.

ಹೊರೆಯ ಪ್ರಶ್ನೆ ಇದಕ್ಕಿಂತ ಭಿನ್ನ. 2001ರ ಸೆಪ್ಟೆಂಬರ್ 11ರಂದು ಸಿಎನ್‌ಎನ್ ಸುದ್ದಿತಾಣವು ಓದುಗರ ಮಹಾಪೂರಕ್ಕೆ ಸಿಕ್ಕಿ ತೆರೆಯದಾಯಿತು. ಚಿತ್ರ, ಅಲಂಕಾರಗಳನ್ನೆಲ್ಲ ಕಿತ್ತು ಬರೀ ಅಕ್ಷರಗಳ ಸರಳ ಪುಟವನ್ನು ಇಟ್ಟ ಮೇಲೆ ಅದು ಮತ್ತೆ ಉಸಿರಾಡಿತು. ಅಂಥ ದಿನವನ್ನು ತಾಳಬಲ್ಲಷ್ಟು ಸರ್ವರುಗಳನ್ನು ಕೊಂಡಿಡಬೇಕೆಂದರೆ ಉಳಿದ ಎಲ್ಲ ದಿನಗಳಲ್ಲಿ ಅವು ಬಿಸಿಯಾಗುತ್ತ, ವಿದ್ಯುತ್ ತಿನ್ನುತ್ತ ಸುಮ್ಮನೆ ಕೂರಬೇಕು. ಕೊಳ್ಳದಿದ್ದರೆ ಬೇಕಾದ ದಿನವೇ ತಾಣವಿಲ್ಲ. ವರ್ಷಕ್ಕೊಂದು ದಿನದ ಜಾತ್ರೆಗಾಗಿ ವರ್ಷವಿಡೀ ಛತ್ರ ಕಟ್ಟಿಸಿಡುವ ಈ ಸಂಕಟಕ್ಕೆ ನಿಜವಾದ ಪೆಟ್ಟಿಗೆಗಳ ಲೋಕದಲ್ಲಿ ಪರಿಹಾರವಿರಲಿಲ್ಲ. ಬೇಕಾದಾಗ ಹುಟ್ಟಿ ಬೇಡವಾದಾಗ ಇಲ್ಲವಾಗುವ ಸರ್ವರುಗಳು ಬೇಕಿದ್ದವು.

ಅವು ಬರುವ ದಾರಿ ಅಷ್ಟರಲ್ಲಿ ತೆರೆದಿತ್ತು. ಇಂಟೆಲ್ ಬಗೆಯ ಅಗ್ಗದ ಪ್ರೊಸೆಸರುಗಳ ಮೇಲೆ ಐಬಿಎಂ ಮಾದರಿಯ ಕಲ್ಪಿತ ಯಂತ್ರಗಳನ್ನು ನಡೆಸುವುದು ಅಸಾಧ್ಯವೆಂದೇ ಹಲವರು ತಿಳಿದಿದ್ದರು. ಯಾವ ಪ್ರೊಸೆಸರಿನ ಮೇಲೆ ಇದು ಸರಾಗವಾಗಿ ಸಾಧ್ಯ ಎಂಬುದಕ್ಕೆ ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ 1974ರಲ್ಲಿಯೇ ನಿಯಮಗಳನ್ನು ಕೊಟ್ಟಿದ್ದರು. ಇಂಟೆಲ್ ಪ್ರೊಸೆಸರುಗಳ ಕೆಲವು ಆಜ್ಞೆಗಳು ಆ ನಿಯಮಗಳನ್ನು ಮುರಿಯುತ್ತಿದ್ದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಅವರ ವಿದ್ಯಾರ್ಥಿಗಳು ಹಳೆಯ ವಿದ್ಯೆಯನ್ನು ಹೊಸ ಯಂತ್ರಗಳಿಗೆ ತರುವ ಸಂಶೋಧನೆ ನಡೆಸಿದರು. ಅದರ ಮುಂದುವರಿಕೆಯಾಗಿ 1998ರಲ್ಲಿ ರೋಸೆನ್‌ಬ್ಲಮ್, ಡಯಾನ್ ಗ್ರೀನ್ ಮತ್ತಿತರರು ವಿಎಂವೇರ್ ಸಂಸ್ಥೆಯನ್ನು ಕಟ್ಟಿದರು. ತೊಂದರೆ ಕೊಡುವ ಆಜ್ಞೆಗಳನ್ನು ನಡೆಯುವಾಗಲೇ ನಿರುಪದ್ರವಿ ಆಜ್ಞೆಗಳಾಗಿ ಅನುವಾದಿಸುವುದು ಅವರ ಉಪಾಯ. 1999ರಲ್ಲಿ ಅವರ ಮೊದಲ ಉತ್ಪನ್ನ, 2001ರಲ್ಲಿ ಸರ್ವರುಗಳಿಗಾಗಿ ಇಎಸ್‌ಎಕ್ಸ್, 2003ರಲ್ಲಿ ವಿಮೋಷನ್ ಬಂದವು. ಕೊನೆಯದಂತೂ ನಡೆಯುತ್ತಿರುವ ಕಲ್ಪಿತ ಯಂತ್ರವನ್ನು ನಿಲ್ಲಿಸದೆಯೇ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಾಗಿಸುವ ವಿದ್ಯೆ. ಕಾಯ ಬದಲಾದರೂ ಕೆಲಸ ಮುರಿಯದ ಈ ಪರಕಾಯಪ್ರವೇಶವನ್ನು ಕಂಡವರು ಬೆರಗಾದರು.

ಇನ್ನೊಂದು ಕೊಡುಗೆ ಇನ್ನೊಂದು ಕೇಂಬ್ರಿಜ್‌ನಿಂದ ಬಂದಿತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಇಯಾನ್ ಪ್ರಾಟ್, ಕೀರ್ ಫ್ರೇಸರ್ ಮೊದಲಾದವರು ಜೆನ್ ಎಂಬ ಹೈಪರ್‌ವೈಸರನ್ನು, ಎಂದರೆ ಕಲ್ಪಿತ ಯಂತ್ರಗಳನ್ನು ಹುಟ್ಟಿಸಿ ಆಳುವ ತಂತ್ರಾಂಶವನ್ನು, 2003ರಲ್ಲಿ ಲೋಕದ ಮುಂದಿಟ್ಟರು. ಒಳಗೆ ನಡೆಯುವ ಕಾರ್ಯವ್ಯವಸ್ಥೆಗೆ ನೀನಿರುವುದು ಕಲ್ಪಿತ ಯಂತ್ರದಲ್ಲಿ ಎಂದು ಮೊದಲೇ ತಿಳಿಸಿ ಅದನ್ನು ಸ್ವಲ್ಪ ತಿದ್ದಿಕೊಂಡರೆ ಅನುವಾದದ ಶ್ರಮವೇ ಬೇಡವೆಂಬುದು ಅವರ ಮಾರ್ಗ. ಜೆನ್ ವೇಗವಾಗಿತ್ತು, ಮುಕ್ತವಾಗಿತ್ತು, ಉಚಿತವಾಗಿತ್ತು. ಪ್ರತಿ ಪೆಟ್ಟಿಗೆಗೂ ಪರವಾನಗಿ ಹಣ ಕೊಡಬೇಕಿಲ್ಲದ್ದರಿಂದ ಸಾವಿರಾರು ಪೆಟ್ಟಿಗೆಗಳ ಮೇಲೆ ಅದನ್ನು ಹರಡುವುದು ಸಾಧ್ಯವಾಯಿತು.

ಹಾಗೆ ಹರಡಿದವರು ಪುಸ್ತಕ ಮಾರುವವರು. ಅಮೆಜಾನ್ ಸಂಸ್ಥೆಯ ಒಂದು ಚಿಕ್ಕ ತಂಡವು ಕ್ರಿಸ್ ಪಿಂಕ್‌ಹಮ್ ಅವರ ನೇತೃತ್ವದಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಕುಳಿತು ಜೆನ್ ಆಧಾರದ ಮೇಲೆ ಬಾಡಿಗೆ ಸರ್ವರುಗಳ ಸೇವೆಯನ್ನು ಕಟ್ಟಿತು. 2006ರ ಆಗಸ್ಟ್‌ನಲ್ಲಿ ಅದು ಇಸಿ2 ಎಂಬ ಹೆಸರಿನಲ್ಲಿ ಪ್ರಯೋಗಾರ್ಥವಾಗಿ ತೆರೆಯಿತು. 1.75 ಗಿಗಾಬೈಟ್ ಸ್ಮೃತಿ, 160 ಗಿಗಾಬೈಟ್ ಡಿಸ್ಕ್ ಇರುವ ಒಂದು ಸರ್ವರಿಗೆ ಗಂಟೆಗೆ ಅಮೆರಿಕದ 10 ಸೆಂಟ್. ಒಂದು ಗಂಟೆ ಬೇಕೇ, ಒಂದು ಗಂಟೆಗೆ ಕೊಡಿ. ನೂರು ಸರ್ವರ್ ಬೇಕೇ, ನೂರಕ್ಕೆ ಕೊಡಿ. ಮೆಕಾರ್ಥಿಯವರ ನಲ್ಲಿಯಲ್ಲಿ ನೀರು ಬಂದಿತ್ತು. 2008ರ ಏಪ್ರಿಲ್‌ನಲ್ಲಿ ಆನಿಮೋಟೊ ಎಂಬ ಸಣ್ಣ ಸಂಸ್ಥೆಯ ಸೇವೆ ಫೇಸ್‌ಬುಕ್ಕಿನಲ್ಲಿ ಹಠಾತ್ತನೆ ಜನಪ್ರಿಯವಾದಾಗ ಅದು ಐವತ್ತರ ಆಸುಪಾಸಿನ ಸರ್ವರುಗಳಿಂದ ಕೆಲವೇ ದಿನಗಳಲ್ಲಿ ಮೂರು ಸಾವಿರವನ್ನು ದಾಟಿತು. ಅಲೆ ಇಳಿದ ಮೇಲೆ ತಾನೂ ಇಳಿಯಿತು. 2009ರ ಮೇ ತಿಂಗಳಲ್ಲಿ ಲೋಡ್ ಬ್ಯಾಲೆನ್ಸರೂ, ಹೊರೆಗೆ ತಕ್ಕಂತೆ ಸರ್ವರುಗಳನ್ನು ತಾನೇ ಹೆಚ್ಚಿಸಿ ತಗ್ಗಿಸುವ ವ್ಯವಸ್ಥೆಯೂ ಬಾಡಿಗೆಗೆ ದೊರೆಯತೊಡಗಿದವು.

ಆದರೆ ಮೊದಮೊದಲಿನ ಬಾಡಿಗೆ ಸರ್ವರಿಗೆ ಒಂದು ವಿಚಿತ್ರ ಗುಣವಿತ್ತು. ಅದನ್ನು ಮುಗಿಸಿದರೆ ಅಥವಾ ಅದರ ಕೆಳಗಿನ ಪೆಟ್ಟಿಗೆ ಕೆಟ್ಟರೆ ಅದರ ಡಿಸ್ಕಿನಲ್ಲಿದ್ದುದೆಲ್ಲ ಮಾಯವಾಗುತ್ತಿತ್ತು. ಬೇರೆಯಾಗಿ ಉಳಿಯಬಲ್ಲ ಡಿಸ್ಕುಗಳು ಅಲ್ಲಿಗೆ ಬಂದದ್ದು 2008ರಲ್ಲಿ. ಹಳೆಯ ಕಾಲದ ನಿರ್ವಾಹಕರಿಗೆ ಇದು ದೋಷವಾಗಿ ಕಂಡಿತು. ಆದರೆ ಆ ದೋಷವೇ ಒಂದು ಹೊಸ ಶಿಸ್ತನ್ನು ಕಲಿಸಿತು. ಸರ್ವರ್ ಯಾವ ಕ್ಷಣದಲ್ಲಾದರೂ ಸಾಯಬಹುದೆಂದು ತಿಳಿದೇ ತಾಣವನ್ನು ಕಟ್ಟಬೇಕು. ಮುಖ್ಯವಾದ ಯಾವುದನ್ನೂ ಸರ್ವರಿನೊಳಗೆ ಇಡಬಾರದು. ಬಳಕೆದಾರ ಯಾರು, ಎಲ್ಲಿಯವರೆಗೆ ಬಂದಿದ್ದ ಎಂಬ ನೆನಪನ್ನು ಹೊರಗಿನ ಸಾಮಾನ್ಯ ಸಂಗ್ರಹದಲ್ಲಿಡಬೇಕು. ಚಿತ್ರಗಳನ್ನೂ ಕಡತಗಳನ್ನೂ ಬೇರೆ ಭಂಡಾರದಲ್ಲಿಡಬೇಕು. ದತ್ತಸಂಚಯಕ್ಕೆ ಮುಖ್ಯ ಪ್ರತಿಯೊಂದು, ಅದನ್ನು ಬೆನ್ನುಹತ್ತಿ ಬರೆದುಕೊಳ್ಳುವ ಪ್ರತಿ ಇನ್ನೊಂದು ಇರಬೇಕು. ಇವೆರಡೂ ಬೇರೆ ಬೇರೆ ವಿದ್ಯುತ್ತು, ಬೇರೆ ಬೇರೆ ಕಟ್ಟಡಗಳಲ್ಲಿರಬೇಕು. ಸರ್ವರನ್ನು ಹೇಗೆ ಸಿದ್ಧಪಡಿಸಬೇಕೆಂಬುದನ್ನು ಒಂದು ಲಿಖಿತ ಕ್ರಮವಾಗಿ ಇಟ್ಟುಕೊಂಡರೆ ಸತ್ತದ್ದರ ಜಾಗಕ್ಕೆ ಹೊಸದು ನಿಮಿಷಗಳಲ್ಲಿ ಬಂದು ನಿಲ್ಲುತ್ತದೆ. ಸರ್ನ್‌ನ ಚೀಟಿಯನ್ನು ಈ ಸರ್ವರುಗಳಿಗೆ ಯಾರೂ ಅಂಟಿಸಲಾರರು, ಅಂಟಿಸಬೇಕಾಗಿಯೂ ಇಲ್ಲ.

ಈ ಬದಲಾವಣೆಯನ್ನು ವಿವರಿಸಲು ಅಮೆರಿಕದ ತಂತ್ರಜ್ಞರು ಒಂದು ರೂಪಕವನ್ನು ಬಳಸುತ್ತಾರೆ. ಮೈಕ್ರೋಸಾಫ್ಟ್‌ನಲ್ಲಿದ್ದ ಬಿಲ್ ಬೇಕರ್ ಹೇಳಿದ್ದನ್ನು ರಾಂಡಿ ಬಯಾಸ್ ಜನಪ್ರಿಯಗೊಳಿಸಿದರು. ಹಳೆಯ ಸರ್ವರುಗಳು ಹೆಸರಿಟ್ಟು ಸಾಕಿದ ಮುದ್ದುಪ್ರಾಣಿಗಳು, ಕಾಯಿಲೆಯಾದರೆ ಆರೈಕೆ ಮಾಡುತ್ತೇವೆ. ಹೊಸವು ಸಂಖ್ಯೆ ಹಚ್ಚಿದ ದನಗಳು, ಒಂದು ಹೋದರೆ ಇನ್ನೊಂದು. ಗೋವಿನ ಹಾಡನ್ನು ಕೇಳಿ ಬೆಳೆದ ನಮಗೆ ಈ ರೂಪಕ ಒಗ್ಗುವುದು ಕಷ್ಟ. ನಮ್ಮ ಕಾಳಿಂಗನು ಮಂದೆಯ ಒಂದೊಂದು ಹಸುವನ್ನೂ ಹೆಸರು ಹಿಡಿದೇ ಕರೆಯುತ್ತಾನೆ, ಅವುಗಳಲ್ಲಿ ಒಂದು ಬಾರದಿದ್ದರೆ ಕಥೆಯೇ ಬೇರೆಯಾಗುತ್ತದೆ. ರೂಪಕ ಒಗ್ಗದಿರುವುದರಲ್ಲಿ ಒಂದು ಲಾಭವೂ ಇದೆ. ಮಂದೆಯಲ್ಲಿ ಯಾವುದೂ ಹೆಸರಿಗೆ ಯೋಗ್ಯವಲ್ಲ ಎಂದುಕೊಂಡವನು, ಬೇರೆ ಯಾವುದರಿಂದಲೂ ತುಂಬಲಾಗದ ಒಂದನ್ನು ಗುರುತಿಸದೇ ಹೋಗಬಹುದು.

ಅಂಥದೊಂದು ಯಾವುದೆಂದು ತಿಳಿಯಲು ನಮ್ಮ ರೈಲು ಟಿಕೆಟ್ಟನ್ನು ನೋಡಬಹುದು. ಹಬ್ಬಕ್ಕೆ ಊರಿಗೆ ಹೊರಡುವ ಹೊರನಾಡಿನ ಕನ್ನಡಿಗರಿಗೆ ಬೆಳಿಗ್ಗೆ ಹತ್ತು ಗಂಟೆಯ ತತ್ಕಾಲ್ ಕಾಯುವಿಕೆ ಹೊಸತಲ್ಲ. ದೇಶವಿಡೀ ಒಂದೇ ನಿಮಿಷಕ್ಕೆ ಒಂದೇ ಬಾಗಿಲಿಗೆ ಬರುವ ಇಂಥ ಹೊರೆಯನ್ನು ಜಗತ್ತಿನಲ್ಲಿ ಕೆಲವೇ ತಾಣಗಳು ಕಂಡಿವೆ. 2014ರ ಆಗಸ್ಟ್‌ನಲ್ಲಿ ಬಂದ ಹೊಸ ಇ-ಟಿಕೆಟ್ ವ್ಯವಸ್ಥೆಯು ನಿಮಿಷಕ್ಕೆ 2,000 ಇದ್ದ ಟಿಕೆಟ್ ಸಾಮರ್ಥ್ಯವನ್ನು 7,200ಕ್ಕೆ ಏರಿಸಿತು. ಪುಟ ತೋರಿಸುವ ಸರ್ವರುಗಳನ್ನು ಎಷ್ಟು ಬೇಕಾದರೂ ಹೆಚ್ಚಿಸಬಹುದು. ಆದರೆ ಒಂದು ಬೋಗಿಯ ಒಂದು ಬರ್ತ್ ಜಗತ್ತಿನಲ್ಲಿ ಒಂದೇ. ಅದು ಖಾಲಿಯಿದೆಯೇ, ಯಾರಿಗೆ ಹೋಯಿತು ಎಂಬ ಪ್ರಶ್ನೆಗೆ ಸತ್ಯವಾದ ಉತ್ತರವೂ ಒಂದೇ ಇರಬೇಕು. ಎರಡು ಪ್ರತಿಗಳು ಸಂಪರ್ಕ ಕಳೆದುಕೊಂಡು ತಮ್ಮ ತಮ್ಮ ಮಟ್ಟಿಗೆ ಉತ್ತರ ಕೊಡತೊಡಗಿದರೆ ಒಂದು ಬರ್ತಿಗೆ ಇಬ್ಬರು ಹಾಸಿಗೆ ಬಿಚ್ಚುತ್ತಾರೆ. ಎರಿಕ್ ಬ್ರೂವರ್ 2000ದಲ್ಲಿ ಮುಂದಿಟ್ಟು, 2002ರಲ್ಲಿ ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಸಿದ್ಧಪಡಿಸಿ ತೋರಿಸಿದ ಪ್ರಮೇಯ ಇದನ್ನೇ ಹೇಳುತ್ತದೆ. ಸಂಪರ್ಕ ಕಡಿದ ಹೊತ್ತಿನಲ್ಲಿ ಎಲ್ಲರಿಗೂ ಉತ್ತರ ಕೊಡುವುದು, ಎಲ್ಲರಿಗೂ ಒಂದೇ ಸತ್ಯವನ್ನು ಹೇಳುವುದು ಎರಡೂ ಒಟ್ಟಿಗೆ ಆಗುವುದಿಲ್ಲ, ಒಂದನ್ನು ಬಿಡಬೇಕು. ಯಾವುದನ್ನು ಬಿಡಬೇಕೆಂಬುದು ತಂತ್ರಜ್ಞಾನದ ನಿರ್ಧಾರವಲ್ಲ. ಹಾಡುಗಳ ಪಟ್ಟಿ ಹಳೆಯದಾಗಿ ಕಂಡರೆ ನಷ್ಟವಿಲ್ಲ, ಬ್ಯಾಂಕಿನ ಶಿಲ್ಕು ಹಾಗೆ ಕಾಣಬಾರದು.

ಲೆಕ್ಕದ ಷರತ್ತು ಮುರಿಯುವುದನ್ನೂ ಚರಿತ್ರೆ ತೋರಿಸಿದೆ. 2011ರ ಏಪ್ರಿಲ್ 21ರಂದು ಅಮೆಜಾನಿನ ವರ್ಜೀನಿಯಾ ಕೇಂದ್ರದಲ್ಲಿ ಜಾಲದ ಒಂದು ಬದಲಾವಣೆ ಮಾಡುವಾಗ ದೊಡ್ಡ ಹೆದ್ದಾರಿಯ ಸಂಚಾರವನ್ನು ತಪ್ಪಿ ಕಿರುದಾರಿಗೆ ತಿರುಗಿಸಲಾಯಿತು. ಡಿಸ್ಕುಗಳು ತಮ್ಮ ಜೋಡಿ ಪ್ರತಿಗಳ ಸಂಪರ್ಕ ಕಳೆದುಕೊಂಡವು. ಸಂಪರ್ಕ ಮರಳಿದಾಗ ಜೋಡಿ ಸತ್ತಿತೆಂದು ತಿಳಿದ ಪ್ರತಿಯೊಂದೂ ಹೊಸ ಪ್ರತಿ ಮಾಡಿಕೊಳ್ಳಲು ಏಕಕಾಲಕ್ಕೆ ಜಾಗ ಹುಡುಕಲು ಹೊರಟಿತು. ರಕ್ಷಣೆಗೆಂದು ಇಟ್ಟ ಏರ್ಪಾಡೇ ನೂಕುನುಗ್ಗಲಾಗಿ ವ್ಯವಸ್ಥೆಯನ್ನು ಉಸಿರುಕಟ್ಟಿಸಿತು. ರೆಡ್ಡಿಟ್, ಕೋರಾ, ಫೋರ್‌ಸ್ಕ್ವೇರ್ ಮೊದಲಾದ ತಾಣಗಳು ನಿಂತವು. ಬಾಧೆಗೊಳಗಾದ ವಲಯದ ಡಿಸ್ಕುಗಳಲ್ಲಿ ಶೇ 0.07ರಷ್ಟನ್ನು ಸರಿಯಾಗಿ ಮರಳಿ ಪಡೆಯಲಾಗಲಿಲ್ಲ. ಅಂಕಿ ಸಣ್ಣದು, ಆದರೆ ಅದರೊಳಗೆ ಬಿದ್ದವರಿಗೆ ಅದು ನೂರಕ್ಕೆ ನೂರು. ಆ ದಿನ ಹೆಚ್ಚು ಅಲುಗಾಡದೆ ನಿಂತವರಲ್ಲಿ ನೆಟ್‌ಫ್ಲಿಕ್ಸ್ ಒಂದು. 2008ರಲ್ಲಿ ತನ್ನ ದತ್ತಸಂಚಯ ಕೆಟ್ಟು ಮೂರು ದಿನ ಡಿವಿಡಿಗಳನ್ನು ಕಳುಹಿಸಲಾಗದೆ ಪಾಠ ಕಲಿತಿದ್ದ ಅದು, ಬಳಿಕ ತನ್ನದೇ ಸರ್ವರುಗಳನ್ನು ಕೆಲಸದ ಹೊತ್ತಿನಲ್ಲಿ ಯಾದೃಚ್ಛಿಕವಾಗಿ ಕೊಲ್ಲುವ ಕೇಯಾಸ್ ಮಂಕಿ ಎಂಬ ತಂತ್ರಾಂಶವನ್ನು ಸಾಕಿಕೊಂಡಿತ್ತು. ಆರಿಸಬೇಡಿ ಎಂಬ ಚೀಟಿಯ ನೇರ ವಿರುದ್ಧ ತುದಿ ಇದು.

ಯಂತ್ರದ ಸಾವನ್ನು ಹೀಗೆ ಗೆದ್ದ ಮೇಲೆ ಉಳಿದದ್ದು ಮನುಷ್ಯನ ಕೈ. ಯಂತ್ರಾಂಶಕ್ಕಿಂತ ನಿರ್ವಹಣೆ ಮತ್ತು ತಂತ್ರಾಂಶಗಳ ತಪ್ಪುಗಳೇ ಹೆಚ್ಚು ನಿಲುಗಡೆಗೆ ಕಾರಣವೆಂದು ಟ್ಯಾಂಡೆಮ್‌ನ ಜಿಮ್ ಗ್ರೇ 1985ರಲ್ಲಿಯೇ ತೋರಿಸಿದ್ದರು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ರಾತ್ರಿಯವರೆಗೆ ದುಡಿಯುತ್ತಿದ್ದ ಒಬ್ಬ ತಂತ್ರಜ್ಞರು ಪ್ರತಿ ಸರ್ವರಿನಲ್ಲಿ ಅಳಿಸಬೇಕಾದುದನ್ನು ಮುಖ್ಯ ಸರ್ವರಿನಲ್ಲಿ ಅಳಿಸಿದರು. ಬ್ಯಾಕಪ್ಪಿಗೆಂದು ಇದ್ದ ಏರ್ಪಾಡುಗಳು ಒಂದಾದ ಮೇಲೊಂದರಂತೆ ಕೈಕೊಟ್ಟವು. ಅದೃಷ್ಟವಶಾತ್ ಬೇರೊಂದು ಉದ್ದೇಶಕ್ಕೆ ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಸಿಕ್ಕಿತು. ನಡುವಿನ ಆರು ಗಂಟೆಗಳ ದತ್ತಾಂಶ ಹೋಯಿತು. ಒಂದು ತಿಂಗಳ ಬಳಿಕ, ಫೆಬ್ರುವರಿ 28ರಂದು, ಅಮೆಜಾನಿನ ಎಸ್3 ಭಂಡಾರದಲ್ಲಿ ಕೆಲವೇ ಸರ್ವರುಗಳನ್ನು ತೆಗೆಯಲು ಕೊಟ್ಟ ಆಜ್ಞೆಯಲ್ಲಿ ಒಂದು ತಪ್ಪು ನಮೂದಾಗಿ ಬಹಳಷ್ಟು ಸರ್ವರುಗಳು ಹೋದವು. ಸುಮಾರು ನಾಲ್ಕು ಗಂಟೆ ಅಮೆರಿಕದ ಜಾಲದ ದೊಡ್ಡ ಭಾಗ ತತ್ತರಿಸಿತು. ಸೇವೆಗಳು ಹೇಗಿವೆ ಎಂದು ತೋರಿಸುವ ಫಲಕವೂ ಅದೇ ಭಂಡಾರವನ್ನು ಆಶ್ರಯಿಸಿದ್ದರಿಂದ ಕೆಟ್ಟದ್ದನ್ನು ಹೇಳಲು ಫಲಕಕ್ಕೂ ಆಗಲಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರದ ಒಂದು ಕಟ್ಟಡ ಸುಟ್ಟುಹೋಯಿತು. ಬೇರೆ ಊರಿನಲ್ಲಿ ಪ್ರತಿ ಇಟ್ಟವರು ಮರುದಿನ ಎದ್ದು ನಿಂತರು. ಇಡದವರಿಗೆ ಮೋಡದಲ್ಲಿದೆ ಎಂದು ನಂಬಿದ್ದ ವಸ್ತುವು ನಿಜವಾಗಿ ಒಂದು ನದೀತೀರದ ಕಟ್ಟಡದಲ್ಲಿತ್ತೆಂಬುದು ಅದು ಬೂದಿಯಾದ ಮೇಲೆ ತಿಳಿಯಿತು.

ನಮ್ಮ ದೇಶಕ್ಕೂ ಈ ಮೋಡ ಇಳಿದಿದೆ. ಕೇಂದ್ರ ಸರ್ಕಾರದ ಮೇಘರಾಜ್ ಎಂಬ ಕ್ಲೌಡ್ ವ್ಯವಸ್ಥೆ ರಾಷ್ಟ್ರೀಯ ಮಾಹಿತಿ ಕೇಂದ್ರದ ಮೂಲಕ 2014ರಲ್ಲಿ ಆರಂಭವಾಯಿತು. ಒಂದೊಂದು ಇಲಾಖೆಯೂ ತನ್ನದೊಂದು ಪೆಟ್ಟಿಗೆಯನ್ನು ಕೊಂಡು, ಅದಕ್ಕೊಂದು ಹವಾನಿಯಂತ್ರಿತ ಕೋಣೆ ಕಟ್ಟಿಸಿ ಕಾಯುವುದರ ಬದಲು ಹಂಚಿಕೆಯ ಸಂಪನ್ಮೂಲದಿಂದ ವರ್ಚುವಲ್ ಸರ್ವರನ್ನು ಕೇಳಿ ಪಡೆಯುವ ಪದ್ಧತಿ ಹೀಗೆ ಬಂದಿತು. ಅಮೆಜಾನ್ ತನ್ನ ಮುಂಬಯಿ ಕೇಂದ್ರವನ್ನು 2016ರಲ್ಲಿ, ಹೈದರಾಬಾದ್ ಕೇಂದ್ರವನ್ನು 2022ರಲ್ಲಿ ತೆರೆಯಿತು. ಈ ಎರಡು ನಗರಗಳಲ್ಲಿ ನೆಲೆಸಿದ ನಮ್ಮ ಓದುಗರಲ್ಲಿ ಕೆಲವರು ತಾವು ಓದುವ ಪುಟಗಳ ನಿಜವಾದ ನೆರೆಯವರೂ ಆಗಿರಬಹುದು.

ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಚೀಟಿ ಹರಿಯಲಿಲ್ಲ, ಸರಿಯಿತು. ಬಿಡಿ ಯಂತ್ರದ ಮೇಲಿಂದ ಅದು ಲೋಡ್ ಬ್ಯಾಲೆನ್ಸರಿಗೆ, ಅಲ್ಲಿಂದ ದತ್ತಸಂಚಯಕ್ಕೆ, ಅಲ್ಲಿಂದ ದತ್ತಾಂಶ ಕೇಂದ್ರಕ್ಕೆ, ಕೊನೆಗೆ ಕೆಲವೇ ಬೃಹತ್ ಸಂಸ್ಥೆಗಳ ಒಳಗಿನ ಜಾಲಕ್ಕೆ ಹೋಗಿ ಅಂಟಿಕೊಂಡಿದೆ. ಸರ್ನ್‌ನಲ್ಲಿ ಅದು ಹಾದುಹೋಗುವ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಇಂದು ಅದು ಎಲ್ಲಿದೆಯೆಂದು ಹುಡುಕುವುದೇ ತಾಣ ನಡೆಸುವವರ ಮೊದಲ ಕೆಲಸ. ದೊಡ್ಡವರಿಗಷ್ಟೇ ಅಲ್ಲ, ನಾಲ್ಕು ಜನ ಸೇರಿ ನಡೆಸುವ ಒಂದು ಕನ್ನಡ ಬರಹತಾಣಕ್ಕೂ ಈ ಮಾತು ಸಲ್ಲುತ್ತದೆ. ಅಂಥ ತಾಣದ ಸರ್ವರ್ ಎರಡಾಗಿದ್ದರೂ ಅದರ ಗುಪ್ತಪದ ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ, ಹೆಸರಿನ ನವೀಕರಣದ ಪತ್ರ ಯಾರೂ ತೆರೆಯದ ಮಿಂಚಂಚೆಗೆ ಹೋಗುತ್ತಿದ್ದರೆ, ಚೀಟಿ ಅಲ್ಲಿದೆ. ಬ್ಯಾಕಪ್ಪಿದೆ ಎಂದುಕೊಂಡವರು ಅದನ್ನು ಒಮ್ಮೆಯೂ ತೆರೆದು ಓದಿ ನೋಡಿಲ್ಲವಾದರೆ, ಅದು ಪ್ರತಿಯಲ್ಲ, ಬರಿಯ ನಂಬಿಕೆ.

ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳೆಂಬುದು ನಮ್ಮ ಸಾಹಿತ್ಯಚರಿತ್ರೆಯ ಪ್ರಸಿದ್ಧ ಸಂಗತಿ. ಓಲೆಗರಿಗೆ ಹುಳು ಬೀಳುತ್ತದೆ, ಮನೆಗೆ ಬೆಂಕಿ ಬೀಳುತ್ತದೆ ಎಂಬುದು ತಿಳಿದಿದ್ದ ಕಾಲದಲ್ಲಿ ಕೃತಿಯ ಆಯುಸ್ಸನ್ನು ಒಂದು ಗಟ್ಟಿ ಓಲೆಗೆ ಒಪ್ಪಿಸದೆ, ಬೇರೆ ಬೇರೆ ಊರುಗಳ ಬೇರೆ ಬೇರೆ ಕೈಗಳಿಗೆ ಒಪ್ಪಿಸಿದ ಏರ್ಪಾಡು ಅದು. ವರ್ಚುವಲ್ ಸರ್ವರುಗಳು ನಮಗೆ ಪ್ರತಿ ಮಾಡುವ ಶ್ರಮವನ್ನು ಬಹುಪಾಲು ಇಲ್ಲವಾಗಿಸಿವೆ. ಯಾವುದನ್ನು ಪ್ರತಿ ಮಾಡಬೇಕು, ಎಲ್ಲೆಲ್ಲಿ ಇಡಬೇಕು, ಯಾರು ತೆರೆದು ನೋಡಬೇಕು ಎಂಬ ಆಯ್ಕೆ ಮಾತ್ರ ಇಂದಿಗೂ ಬರೆಸುವವರದೇ.